ಗ್ಯಾಲರಿಯ ಮೂರು ದಿನ

ದಹಿಸರಿನಲ್ಲಿ ನದಿಗೆ ಬೆನ್ನು ಹಾಕಿ ನಿಂತ ಆ ಚಾಳಿನಲ್ಲಿ ಮೋನಪ್ಪನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಒಗ್ಗರಣೆಯ ವಾಸನೆ ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು. ಎರಡು ಖೋಲಿಗಳು. ಒಂದರಲ್ಲಿ ಒಲೆಗಳು, ಇನ್ನೊಂದರಲ್ಲಿ ಮನುಷ್ಯರು. ಸುತ್ತಮುತ್ತಲ ಕಾರ್ಖಾನೆಗಳಲ್ಲಿ ದುಡಿಯುವ, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಕರಾವಳಿಯ ಗಂಡಸರಿಗೆ ಅಲ್ಲಿಂದ ಎರಡು ಹೊತ್ತು ಊಟದ ಡಬ್ಬಿ ಹೋಗುತ್ತಿತ್ತು. ಹೆಸರು ಮೋನಪ್ಪನದು, ಬೇಯುವವರು ಮೂವರು ಹೆಂಗಸರು: ಅವನ ಹೆಂಡತಿ ರಾಜೀವಿ, ತಾಯಿ ಸೇವಂತಿ, ಮದುವೆಯಾಗದ ತಂಗಿ ಚಂಪಾ.

ಚಂಪಾ ಹಗಲಿಗೆ ಫೋರ್ಟಿನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಲೋಕಲ್ ಹತ್ತುವ ಮೊದಲು ತೆಂಗಿನಕಾಯಿ ತುರಿಯಬೇಕು, ಇಳಿದು ಬಂದ ಮೇಲೆ ಹಿಟ್ಟು ನಾದಬೇಕು. ಹೋಟೆಲಿನಲ್ಲಿ ದುಡಿಯುವ ಹುಡುಗರ ಜೊತೆ ಕೂತು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವಳು, ಆಮೇಲೆ ಮನೆಯಿಂದಲೇ ಪರೀಕ್ಷೆಗೆ ಕಟ್ಟಿ ಬಿ.ಎ. ಕೂಡ ಮಾಡಿದಳು. ಇದೆಲ್ಲ ಯಾವಾಗ ಓದಿದೆ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಹೇಳುವ ಮಾತೇ ಆಗಿರಲಿಲ್ಲ ಅದು.

ಆ ಮನೆಯಲ್ಲಿ ಮುಟ್ಟಾದ ಹೆಂಗಸು ಒಳಗೆ ಕಾಲಿಡುವಂತಿರಲಿಲ್ಲ. ಮುಂಬೈಗೆ ಬಂದ ಮೇಲೆ ಎಷ್ಟೋ ಮಂದಿ ಇದನ್ನೆಲ್ಲ ದಾರಿಯಲ್ಲೇ ಎಸೆದಿದ್ದರು. ಸೇವಂತಿಯಮ್ಮ ಎಸೆದಿರಲಿಲ್ಲ. ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಕೊನೆಯಲ್ಲಿ ಹಳೆಯ ಸೀರೆಯ ಒಂದು ಪರದೆ, ಅದರ ಹಿಂದೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಮೂರು ದಿನ ಅಲ್ಲಿ. ನಾಲ್ಕನೆಯ ಬೆಳಿಗ್ಗೆ ತಲೆಗೆ ಮಿಂದು ಒಳಗೆ. ಆಫೀಸಿಗೆ ಮಾತ್ರ ಹೋಗಬಹುದಿತ್ತು. ಸಂಬಳಕ್ಕೆ ಮೈಲಿಗೆ ತಟ್ಟುವುದಿಲ್ಲ, ಒಲೆಗೆ ತಟ್ಟುತ್ತದೆ ಎಂಬುದು ಮೋನಪ್ಪನ ಶಾಸ್ತ್ರ.

ಪಕ್ಕದ ಖೋಲಿಯ ಇಂದ್ರಾಬಾಯಿ ಬಿಜಾಪುರದ ಕಡೆಯವಳು, ಲಿಂಗಾಯತರ ಹೆಂಗಸು. ಪರದೆಯ ಹಿಂದೆ ಯಾರಾದರೂ ಕೂತದ್ದು ಕಂಡರೆ ನಿಂತು ಮಾತಾಡಿಸದೆ ಮುಂದೆ ಹೋಗುತ್ತಿರಲಿಲ್ಲ.

"ಪುಣ್ಯಾ ಮಾಡೀರಿ ನೀವು. ನಮ್ಮ ಶರಣರು ಮೈಲಿಗಿ ಇಲ್ಲ ಅಂದುಬಿಟ್ರು. ಅದಕ್ಕ ನಮಗ ಸೂಟಿನೂ ಇಲ್ಲ, ನೋಡ್ರಿ!"

ಅದು ರಜೆಯೆಂದು ಅವಳು ತಮಾಷೆಗೆ ಹೇಳಿದ್ದನ್ನು ಚಂಪಾ ಬಹಳ ಹಿಂದೆಯೇ ನಿಜವೆಂದು ಕಂಡುಕೊಂಡಿದ್ದಳು. ಮೆಟ್ರಿಕ್ ಪರೀಕ್ಷೆಯ ವಾರ ನಿಜವಾಗಿಯೇ ಹೊರಗೆ ಕೂತಿದ್ದಳು. ಯಾರೂ ಕರೆಯಲಿಲ್ಲ, ಯಾರೂ ಮುಟ್ಟಲಿಲ್ಲ, ತಟ್ಟೆಗೆ ಊಟ ತಾನಾಗಿ ಬಂತು. ಹುಟ್ಟಿದ ಮೇಲೆ ಅಷ್ಟು ಹೊತ್ತು ಅವಳು ತನಗಾಗಿ ಬದುಕಿದ್ದು ಅದೇ ಮೊದಲು. ಆಮೇಲಿನ ಪರೀಕ್ಷೆಗಳಿಗೆ ಅವಳು ಮೈಗಾಗಿ ಕಾಯಲಿಲ್ಲ. ಬೇಕಾದಾಗ ಕೂತಳು. ಮೂರು ದಿನ ಸಾಲದಿದ್ದರೆ ಐದು ಮಾಡಿದಳು. ನಂಬಿಕೆ ಬರಲೆಂದು ಒಂದು ಬಟ್ಟೆಯನ್ನು ನೀರಿಗೆ ಅದ್ದಿ, ಹಿಂಡಿ, ತಗಡಿನ ಮರೆಯ ಹಗ್ಗಕ್ಕೆ ಹಾಕುತ್ತಿದ್ದಳು. ತಾಯಿ ಪಾಪ, ಮಗಳ ಗರ್ಭಕೋಶದಲ್ಲಿ ಏನೋ ಊನವಿದೆಯೆಂದು ಜೀರಿಗೆ ಕಷಾಯ ಮಾಡಿ, ಲೋಟವನ್ನು ದೂರದಿಂದ ತಳ್ಳಿ, "ಕುಡಿ ಮಗಾ" ಎನ್ನುತ್ತಿದ್ದಳು. ಕುಡಿಯುತ್ತಿದ್ದಳು. ಕಷಾಯ ಕಹಿ, ಆದರೆ ಪುಸ್ತಕ ತೆರೆದಿರುತ್ತಿತ್ತು.

ಹೀಗಿರುವಾಗ ಎಪ್ಪತ್ತೈದನೆಯ ಇಸವಿಯ ಜೂನಿನಲ್ಲಿ ಫೋರ್ಟಿನ ಒಂದು ಸಂಜೆಯ ಲಾ ಕಾಲೇಜು, ಅರ್ಜಿ ಹಾಕಿದವರು ಹೆಚ್ಚಾದರೆಂದು, ಪ್ರವೇಶಕ್ಕೆ ಪರೀಕ್ಷೆ ಇಟ್ಟಿತು. ಚಂಪಾ ಅರ್ಜಿ ಹಾಕಿದ್ದಳು. ಬೇರೆಯವರ ಜಗಳಗಳನ್ನು ಟೈಪ್ ಮಾಡಿ ಮಾಡಿ ಬೆರಳು ಸವೆದಿತ್ತು. ಒಂದು ದಿನವಾದರೂ ಆ ಕಾಗದದ ಕೆಳಗೆ ರುಜು ಹಾಕುವವಳು ತಾನಾಗಬೇಕೆಂಬ ಆಸೆ ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮೋನಪ್ಪ ಊಟದ ನಡುವೆ ತಲೆಯೆತ್ತದೆ ಹೇಳಿದ್ದ:

"ಆಯ್ತು, ಬರಿ. ಸೀಟು ಸಿಕ್ಕಿದ್ರೆ ಓದು, ನಾನು ಬೇಡ ಅನ್ನುದಿಲ್ಲ. ಸಿಗದಿದ್ರೆ ಮತ್ತೆ ಲಾ ಗೀ ಅಂತ ಬಾಯಿ ಬಿಡ್ಲಿಕ್ಕಿಲ್ಲ. ಆಫೀಸೂ ಬಂದ್. ಇನ್ನೂ ಒಂದು ಇಪ್ಪತ್ತು ಡಬ್ಬಿ ಕೇಳ್ತಾ ಇದ್ದಾರೆ ಜನ. ಮನೆಯಲ್ಲಿ ಕೈ ಬೇಕು."

ಒಂದೇ ಸಲ. ಒಂದೇ ಭಾನುವಾರ.

ಕೊನೆಯ ವಾರದ ಓದನ್ನು ಅವಳು ಟ್ರೇನಿನಲ್ಲಿ ನಿಂತು ನಿಂತೇ ಹೊಂದಿಸಿಟ್ಟಿದ್ದಳು. ಸೋಮವಾರ ಮಂಗಳವಾರ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಸಾಮಾನ್ಯ ಜ್ಞಾನ. ಬುಧವಾರ ಬೆಳಿಗ್ಗೆ ಹೊರಗೆ ಕೂರುವುದು. ಶುಕ್ರ ಶನಿ ಆಫೀಸಿಗೆ ರಜೆ. ಪರದೆಯ ಹಿಂದೆ ಇಂಗ್ಲಿಷಿನ ಸಾರಾಂಶ ಬರೆದು ಬರೆದು ಕೈ ಪಳಗಿಸುವುದು, ಮತ್ತೆ ಅವಳಿಗೆ ಎಲ್ಲಕ್ಕಿಂತ ಹೆದರಿಕೆಯಾದ ತರ್ಕದ ಪ್ರಶ್ನೆಗಳು. ಭಾನುವಾರ ಬೆಳಿಗ್ಗೆ ಮಿಂದು, ಶುದ್ಧವಾಗಿ, ಹೊರಡುವುದು.

ಬುಧವಾರ ಬೆಳಿಗ್ಗೆ ಎದ್ದು ಗ್ಯಾಲರಿಗೆ ಬಂದರೆ ಚಾಪೆಯ ಮೇಲೆ ರಾಜೀವಿ ಕೂತಿದ್ದಳು.

"ಎಂತ ಅತ್ತಿಗೆ? ನಿಮಗೆ ಇನ್ನೂ ದಿವಸ ಉಂಟಲ್ಲ?"

"ಬಂತು. ಬರುವುದಕ್ಕೆ ನಿನ್ನ ಅಪ್ಪಣೆ ಬೇಕಾ ಮಾರಾಯ್ತಿ?"

ರಾಜೀವಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮೊದಲ ಮಳೆ ಬಿದ್ದು ನಿಂತಿತ್ತು. ಅವಳು ರಸ್ತೆ ನೋಡುತ್ತಿದ್ದಳು.

ಒಬ್ಬಳು ಕೂತರೆ ಇನ್ನೊಬ್ಬಳು ಕೂರುವಂತಿಲ್ಲವೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಆ ಮನೆಯ ಕುಚ್ಚಲಕ್ಕಿಯ ತಪ್ಪಲೆ ಅಷ್ಟು ದೊಡ್ಡದು. ಗಂಜಿ ಬಸಿಯುವಾಗ ಒಬ್ಬಳು ಬಟ್ಟೆ ಸುತ್ತಿ ಮುಚ್ಚಳವನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬಳು ತಪ್ಪಲೆಯನ್ನು ಓರೆ ಮಾಡಬೇಕು. ಒಂಟಿ ಹೆಂಗಸಿನ ಕೈಗೆ ಅದು ಬಗ್ಗುವುದಿಲ್ಲ. ರಾಜೀವಿ ಹೊರಗಾದರೆ ಅಮ್ಮನ ಜೊತೆ ಚಂಪಾ, ಆಫೀಸಿಗೆ ಹೊರಡುವ ಮೊದಲೇ. ಚಂಪಾ ಹೊರಗಾದರೆ ರಾಜೀವಿ. ಲೆಕ್ಕ ಹಾಗೆಯೇ ನಡೆದು ಬಂದಿತ್ತು.

ಓದಿನ ಯೋಜನೆಯನ್ನು ಚಂಪಾ ಮಸಾಲೆ ರುಬ್ಬುತ್ತಲೇ ಬದಲಾಯಿಸಿದಳು. ಪರವಾಗಿಲ್ಲ. ಸಾಮಾನ್ಯ ಜ್ಞಾನ ಓದಿದಷ್ಟಾಯಿತು, ಗೊತ್ತಿದ್ದಷ್ಟು ಗೊತ್ತು. ಇಂಗ್ಲಿಷನ್ನು ಟ್ರೇನಿಗೆ ತಳ್ಳಿದಳು. ಅತ್ತಿಗೆ ಶನಿವಾರ ಬೆಳಿಗ್ಗೆ ಮಿಂದು ಒಳಗೆ ಬರುತ್ತಾಳೆ, ಅವತ್ತಿಡೀ ತರ್ಕಕ್ಕೆ. ಶುಕ್ರವಾರದ ರಜೆ ಪಲ್ಯ ಹೆಚ್ಚುವುದರಲ್ಲಿ ಹೋಯಿತು. ಒಲೆಯ ಪಕ್ಕ ಮಾದರಿ ಪ್ರಶ್ನೆಗಳ ಹಾಳೆಯನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟುಕೊಂಡಳು. ಎಲ್ಲ ಬೆಕ್ಕುಗಳಿಗೂ ಬಾಲವಿದ್ದರೆ, ಕೆಲವು ಬೆಕ್ಕುಗಳು ಕಪ್ಪಾಗಿದ್ದರೆ ಎನ್ನುವಷ್ಟರಲ್ಲಿ ಹಾಲು ಉಕ್ಕಿತು. ಹಾಳೆಯ ಮೇಲೆ ಹಳದಿ ಬೆರಳಿನ ಗುರುತು ಬಿತ್ತು, ಬೆಕ್ಕಿನ ಬಾಲಕ್ಕೇ ಬಿತ್ತು.

ಶನಿವಾರ ಬೆಳಿಗ್ಗೆ ರಾಜೀವಿ ಮೀಯಲಿಲ್ಲ.

"ಇನ್ನೂ ನಿಂತಿಲ್ಲ ಮಾಮಿ," ಎಂದಳು ಪರದೆಯ ಆಚೆಯಿಂದ. "ಐದು ದಿನ ಆಗ್ತದೆ ಅಂತ ಕಾಣ್ತದೆ. ಚಂಪಾನಿಗೂ ಆಗ್ತದಲ್ಲ."

ಸೇವಂತಿಯಮ್ಮ ಜೀರಿಗೆ ಹುಡುಕಲು ಒಳಗೆ ಹೋದಳು.

ಮಧ್ಯಾಹ್ನದ ಡಬ್ಬಿಗಳು ಹೋದ ಮೇಲೆ ಅಮ್ಮ ಒಂದು ಕಣ್ಣು ನಿದ್ದೆಗೆ ಮಲಗಿದಳು. ಚಂಪಾ ಬಟ್ಟೆ ತೆಗೆಯುವ ನೆಪ ಮಾಡಿ ಗ್ಯಾಲರಿಗೆ ಬಂದಳು. ತಗಡಿನ ಮರೆಯಲ್ಲಿ ಹಗ್ಗದ ಮೇಲೆ ಒಂದೇ ಒಂದು ಬಟ್ಟೆ. ಬುಧವಾರ ಹಾಕಿದ್ದು. ಒಣಗಿ ಕಡ್ಡಿಯಾಗಿ, ಮಡಿಕೆಯೂ ಅಲುಗದೆ ಅಲ್ಲಿಯೇ ಇತ್ತು. ಅದನ್ನು ಮುಟ್ಟಿದ ಕೂಡಲೇ ಅವಳಿಗೆ ತಿಳಿಯಿತು. ತನ್ನದೇ ಕಸುಬು, ಗುರುತು ಸಿಗದೆ ಇರುತ್ತದೆಯೇ?

"ಅತ್ತಿಗೆ, ನಿಮಗೆ ಏನೂ ಆಗಲಿಲ್ಲ."

ರಾಜೀವಿ ತಿರುಗಿ ನೋಡಲಿಲ್ಲ. "ಇಲ್ಲ."

"ಸುಳ್ಳು ಹೇಳಿ ಕೂತಿದ್ದೀರಿ."

"ಹೌದು. ನೀನು ಹೇಳಿ ಕೂತ ಹಾಗೆ. ಬಟ್ಟೆ ಒದ್ದೆ ಮಾಡಿ ಹಾಕುದು ನಿನ್ನನ್ನು ನೋಡಿಯೇ ಕಲಿತದ್ದು. ದಿನಕ್ಕೊಮ್ಮೆ ಬದಲಿಸ್ಬೇಕು ಅಂತ ನೀನು ಕಲಿಸ್ಲಿಲ್ಲ ನೋಡು, ಅದು ತಪ್ಪಿತು."

"ನಾಳೆ ನನ್ನ ಪರೀಕ್ಷೆ ಅಂತ ಗೊತ್ತುಂಟಲ್ಲ ನಿಮಗೆ?"

"ಗೊತ್ತುಂಟು."

"ಮತ್ತೆ ಈ ವಾರವೇ ಯಾಕೆ? ನಿಮಗೆ ನಾನು ಎಂತ ಮಾಡಿದ್ದೇನೆ?"

ಆಗ ರಾಜೀವಿ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಂಪಾಳಿಗೆ ಸುಲಭವಾಗುತ್ತಿತ್ತು.

"ನೀನು ಎಂತ ಮಾಡ್ಲಿಲ್ಲ. ನೀನು ಕೂತೆ, ಅಷ್ಟೆ. ನಿನ್ನ ಮೆಟ್ರಿಕಿಗೆ ನಾನು ಬೆಂದೆ. ನಿನ್ನ ಬಿ.ಎ.ಗೆ ಬೆಂದೆ. ನನ್ನದು ನಿಜವಾಗಿ ಬಂದಾಗ ಮೂರನೇ ದಿನವೇ ಮಾಮಿ, 'ರಾಜೀವಿ, ನಿಂತಿತಾ?' ಅಂತ ಕೇಳ್ತಾರೆ. ನಿನ್ನನ್ನು ಕೇಳುದಿಲ್ಲ, ನೀನು ಓದುವವಳು, ನಿನಗೆ ಕಷಾಯ. ನನ್ನ ಮಗ ಕಾರ್ಕಳದಲ್ಲಿ ನನ್ನ ಅಮ್ಮನ ಹತ್ರ ಬೆಳೀತಾ ಇದ್ದಾನೆ, ಯಾಕೆ? ಇಲ್ಲಿ ಒಲೆ ಇಡ್ಲಿಕ್ಕೆ ಜಾಗ ಉಂಟು, ಅವನನ್ನು ಮಲಗಿಸ್ಲಿಕ್ಕೆ ಇಲ್ಲ. ಈಗ ಲಾ ಅಂತೆ. ಎಷ್ಟು ವರ್ಷ ಅದು?"

"ಮೂರು."

"ಮೂರು ವರ್ಷ ನೀನು ಕೂರುವುದು, ನಾನು ಬೇಯುವುದು. ಸಂಜೆ ಕಾಲೇಜು ಬೇರೆ. ಸಂಜೆಯ ಹಿಟ್ಟು ಯಾರು ನಾದುದು ಅಂತ ನೀನು ಒಂದು ದಿನ ಆಲೋಚನೆ ಮಾಡಿದ್ದುಂಟಾ?"

ಚಂಪಾ ಎಲ್ಲವನ್ನೂ ಆಲೋಚನೆ ಮಾಡಿದ್ದಳು. ಟ್ರೇನು, ಹಾಲ್ ಟಿಕೆಟು, ಪೆನ್ನಿನ ಶಾಯಿ. ಅದೊಂದನ್ನು ಮಾಡಿರಲಿಲ್ಲ.

"ಇವತ್ತೊಂದು ದಿನ ಒಳಗೆ ಬನ್ನಿ ಅತ್ತಿಗೆ. ನಿಮ್ಮ ಕಾಲಿಗೆ ಬೀಳ್ತೇನೆ."

"ಬೀಳ್ಬೇಡ. ನಾನು ಮೈಲಿಗೆ," ಎಂದು ರಾಜೀವಿ ನಕ್ಕಳು. ಆ ನಗು ಚಂಪಾಳಿಗೆ ಆಮೇಲೆ ಎಷ್ಟೋ ವರ್ಷ ಕೇಳುತ್ತಿತ್ತು. "ನಾನೂ ಸ್ವಲ್ಪ ರಸ್ತೆ ನೋಡ್ತೇನೆ. ನನಗೆ ಪುಸ್ತಕ ಬೇಡ, ಪರೀಕ್ಷೆ ಬೇಡ. ಸುಮ್ನೆ ಕೂರ್ಬೇಕು."

ಅವತ್ತು ಸಂಜೆ ಯೋಜನೆ ಮತ್ತೊಮ್ಮೆ ಬದಲಾಯಿತು. ಬದಲಾಗಲು ಉಳಿದದ್ದೇ ಇಷ್ಟು: ಹೋಗುವುದೋ, ಹೋಗದಿರುವುದೋ. ಭಾನುವಾರವೆಂದರೆ ಡಬ್ಬಿ ತಡವಾಗಿ ಹೋಗುತ್ತದೆ, ಅದರಲ್ಲಿ ಮೀನಿನ ಸಾರು. ವಾರವಿಡೀ ಕಾಯುವ ಗಂಡಸರು ಅವತ್ತು ಅನ್ನವನ್ನೂ ಎರಡರಷ್ಟು ತಿನ್ನುತ್ತಾರೆ. "ಪರೀಕ್ಷೆಗೆ ಹೋಗು, ಆದರೆ ಡಬ್ಬಿ ಕಟ್ಟಿಸಿ ಹೋಗು" ಎಂದ ಮೋನಪ್ಪ. ಡಬ್ಬಿ ಕಟ್ಟುವ ಹೊತ್ತಿಗೆ ಪರೀಕ್ಷೆ ಅರ್ಧ ಮುಗಿದಿರುತ್ತದೆ ಎಂದಳು. "ಅದು ನಿನ್ನ ಕಾಲೇಜಿನವರ ತಪ್ಪು," ಎಂದ. "ಹೋಟೆಲಿನವರನ್ನು ಕೇಳಿ ಪರೀಕ್ಷೆ ಇಡ್ಬೇಕಿತ್ತು."

ಭಾನುವಾರ ಬೆಳಗಾಗುವಾಗ ಚಂಪಾ ತನ್ನ ಹಾಸಿಗೆ ಸುತ್ತಿ ಗ್ಯಾಲರಿಗೆ ತಂದು, ರಾಜೀವಿಯ ಚಾಪೆಯ ಪಕ್ಕ ಹಾಕಿದಳು. ಬಾಗಿಲಲ್ಲಿ ನಿಂತ ತಾಯಿಗೆ ಹೇಳಿದಳು: "ಅಮ್ಮಾ, ನಾನೂ."

ರಾಜೀವಿಯ ಕೈಯಲ್ಲಿದ್ದ ಚಹದ ಲೋಟ ಬಾಯಿಯ ಹತ್ತಿರ ಹಾಗೆಯೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ಸುಳ್ಳೆಂದು ಇವಳು ಹೇಳುವಂತಿಲ್ಲ, ಇವಳು ಸುಳ್ಳೆಂದು ಅವಳು ಹೇಳುವಂತಿಲ್ಲ. ಬಾಯಿ ಬಿಟ್ಟರೆ ಇಬ್ಬರದೂ ಹೋಗುತ್ತದೆ. ಮೋನಪ್ಪ ಒಳಗಿಂದ ಕೂಗಾಡಿದ, "ಕ್ಯಾ ತಮಾಷಾ ಲಗಾಯಾ ಹೈ!" ಎಂದು ಹಿಂದಿಯಲ್ಲಿಯೇ ಬೈದ, ಪರಿಚಯದ ಹೋಟೆಲಿನಿಂದ ಯಾರನ್ನಾದರೂ ಕರೆತರುತ್ತೇನೆಂದು ಅಂಗಿ ಹಾಕಿಕೊಂಡು ಹೋದ. ಭಾನುವಾರ ಯಾವ ಹೋಟೆಲು ಆಳನ್ನು ಬಿಡುತ್ತದೆ? ಅದು ಅವನಿಗೂ ಗೊತ್ತಿತ್ತು.

ಸೇವಂತಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿ ತೊಳೆಯಲು ಕೂತಳು. ಗ್ಯಾಲರಿಯ ತುದಿಗೆ ಅವಳ ಬಳೆಯ ಸದ್ದು ಕೇಳುತ್ತಿತ್ತು.

ಚಂಪಾ ಸೀರೆ ಉಟ್ಟಳು, ಜಡೆ ಹಾಕಿಕೊಂಡಳು. ಇಳಿಯುವಾಗ ಇಂದ್ರಾಬಾಯಿ ಎದುರಾದಳು. "ಇಬ್ರೂ ಒಮ್ಮೆಲೆ ಏನವ್ವಾ? ಮುದುಕಿ ಏನ್ ಮಾಡ್ತಾಳ?"

"ಅಣ್ಣ ಆಳನ್ನು ತರ್ತಾನೆ," ಎಂದಳು ಚಂಪಾ. ಅಂದಿಗೆ ಅದು ಎರಡನೆಯ ಸುಳ್ಳು.

ಪರೀಕ್ಷೆಯ ಹಾಲಿನಲ್ಲಿ ಫ್ಯಾನುಗಳು ಮೇಲೆಲ್ಲೋ ತಮ್ಮ ಪಾಡಿಗೆ ತಿರುಗುತ್ತಿದ್ದವು. ತರ್ಕದ ಪ್ರಶ್ನೆಗಳನ್ನು ಅರ್ಧಕ್ಕರ್ಧ ಊಹೆಯಿಂದ ಬರೆದಳು. ಸಾರಾಂಶ ಪರವಾಗಿಲ್ಲ. ಕೊನೆಗೆ ಪ್ರಬಂಧ. ಅದು ಮಹಿಳಾ ವರ್ಷ, ಎಲ್ಲಿ ನೋಡಿದರೂ ಅದೇ. ಹೆಂಗಸನ್ನು ಹಿಂದಕ್ಕೆ ಎಳೆಯುವ ಒಂದು ಸಾಮಾಜಿಕ ಪದ್ಧತಿಯ ಬಗ್ಗೆ ಬರೆಯಿರಿ ಎಂದಿತ್ತು.

ಚಂಪಾ ಬರೆದಳು. ಪರದೆಯನ್ನು ಬರೆದಳು, ಬೇರೆ ತಟ್ಟೆಯನ್ನು ಬರೆದಳು, ತಾಯಿ ದೂರದಿಂದ ತಳ್ಳುವ ಲೋಟವನ್ನು ಬರೆದಳು. ಇದನ್ನು ಬೇರುಸಹಿತ ಕಿತ್ತು ಹಾಕದೆ ಹೆಣ್ಣಿಗೆ ವಿಮೋಚನೆಯಿಲ್ಲ ಎಂದು ಬರೆದಳು. ಒಂದು ವಾಕ್ಯವೂ ಸುಳ್ಳಲ್ಲ. ಪೆನ್ನು ಓಡುತ್ತಿತ್ತು, ಇಂಗ್ಲಿಷು ತಾನಾಗಿ ಬರುತ್ತಿತ್ತು. ತಾನು ಈ ಕುರ್ಚಿಗೆ ಬಂದದ್ದು ಆ ಚಾಪೆಯಿಂದ ಎಂಬ ಒಂದು ಮಾತನ್ನು ಮಾತ್ರ ಬರೆಯಲಿಲ್ಲ. ನಡುವೆ ಒಮ್ಮೆ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಗಂಜಿ ಬಸಿಯುವ ಹೊತ್ತು. ಮತ್ತೆ ತಲೆ ತಗ್ಗಿಸಿದಳು.

ಮರಳಿ ಬಂದಾಗ ಗ್ಯಾಲರಿಯಲ್ಲಿ ಚಾಪೆಗಳು ಖಾಲಿ. ಪರದೆಯನ್ನು ಯಾರೋ ಹರಿದು ತೆಗೆದಿದ್ದರು. ಒಳಗೆ ಒಲೆಯ ಮುಂದೆ ರಾಜೀವಿ, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ. ಮನುಷ್ಯರ ಖೋಲಿಯಲ್ಲಿ ಅಮ್ಮ ಮಲಗಿದ್ದಳು. ಎರಡು ಪಾದಗಳಿಗೂ ಆಸ್ಪತ್ರೆಯ ಬಿಳಿ ಪಟ್ಟಿ.

"ಗಂಜಿ ಬಸಿಯುವಾಗ ಮುಚ್ಚಳ ಜಾರಿತು," ಎಂದಳು ರಾಜೀವಿ, ಒಲೆಯಿಂದ ಕಣ್ಣು ತೆಗೆಯದೆ. "ಬಿದ್ದ ಸದ್ದು ಕೇಳಿ ಓಡಿ ಬಂದೆ. ಮೀಯ್ಲಿಲ್ಲ, ಎಂತದೂ ಇಲ್ಲ, ಸೀದಾ ಒಳಗೆ. ಆ ನೋವಿನಲ್ಲೂ ಮಾಮಿ, 'ಮುಟ್ಬೇಡ, ನೀನು ದೂರ' ಅಂದ್ರು. 'ನಾನು ದೂರ ಅಲ್ಲ ಮಾಮಿ' ಅಂತ ಹೇಳ್ಬೇಕಾಯ್ತು." ಸೌಟು ಆಡಿಸುತ್ತಾ, "ನಿನ್ನದು ಹೇಳ್ಲಿಲ್ಲ. ನೀನು ಟ್ರೇನಿನಲ್ಲಿದ್ದಿ."

ಚಂಪಾ ತಾಯಿಯ ಹತ್ತಿರ ಹೋದಳು. ತಾಯಿ ಮಗಳನ್ನು ನೋಡಿ ಮಗ್ಗುಲಾಗಲು ನೋಡಿದಳು, ಆಗಲಿಲ್ಲ. "ಹತ್ರ ಬರ್ಬೇಡ ಮಗಾ," ಎಂದಳು, "ನಿನಗೆ ಇನ್ನೂ ಎರಡು ದಿನ ಉಂಟು."

ಆ ರಾತ್ರಿ ಮೋನಪ್ಪ ತೀರ್ಪು ಕೊಟ್ಟ. "ಸಾಕು ಈ ಮಡಿ ಮೈಲಿಗೆ. ಮುಂಬೈಯಲ್ಲಿ ಯಾರು ಮಾಡ್ತಾರೆ ಇದನ್ನೆಲ್ಲ? ನೀನು ಓದಿದವಳು, ನಿನಗಾದ್ರೂ ಗೊತ್ತಾಗ್ಬೇಡವಾ? ಇನ್ನು ಈ ಮನೆಯಲ್ಲಿ ಯಾರೂ ಹೊರಗೆ ಕೂರ್ಲಿಕ್ಕಿಲ್ಲ. ಬಂದ್."

ಬಂದ್ ಆಯಿತು. ಚಾಳಿನವರು ಮೆಚ್ಚಿಕೊಂಡರು. ಕನ್ನಡ ಸಂಘದವರು ಆ ವರ್ಷದ ಮಹಿಳಾ ಕಾರ್ಯಕ್ರಮಕ್ಕೆ ಅವನನ್ನು ಕರೆದು, ಕಂದಾಚಾರ ಬಿಟ್ಟ ಧೀರನೆಂದು ಹೊಗಳಿ, ಶಾಲು ಹೊದಿಸಿದರು. ಅವನು ಅದನ್ನು ತಂದು ತಾಯಿಯ ಕಾಲಿಗೆ ಹೊದಿಸಿದ. ಪಾದ ಮಾಯುವುದಕ್ಕೆ ಮಳೆಗಾಲವಿಡೀ ಬೇಕಾಯಿತು. ಮಾಯ್ದರೂ ಒಲೆಯ ಮುಂದೆ ನಿಲ್ಲುವ ಕಾಲುಗಳು ಅವಲ್ಲ. ಇಂದ್ರಾಬಾಯಿ ಬಂದು ಖಾಲಿ ಗ್ಯಾಲರಿ ನೋಡಿ, "ನೀವೂ ನಮ್ಮಂಗ ಆದ್ರಿ, ಬರ್ರಿ," ಎಂದಳು. ಈ ಸಲ ನಗಲಿಲ್ಲ.

ಜೂನ್ ಕೊನೆಗೆ ಕಾಲೇಜಿನ ಬೋರ್ಡಿನ ಮೇಲೆ ಆರಿಸಿದವರ ಹೆಸರು ಬಂತು. ಚಂಪಾಳ ಹೆಸರಿತ್ತು. ಪ್ರಬಂಧ ಬಹಳ ಚೆನ್ನಾಗಿತ್ತೆಂದು ಗುಮಾಸ್ತ ಹೇಳಿದ. ಮನೆಗೆ ಬಂದು ಅಣ್ಣನಿಗೆ ಹೇಳಿದಳು. ಅವನು ಮಾತಿಗೆ ತಪ್ಪುವವನಲ್ಲ.

"ಓದು. ಬೇಡ ಅಂದವರು ಯಾರು? ಸಂಜೆಯ ಡಬ್ಬಿ ಕಳಿಸಿ ಹೋಗು."

ಸಂಜೆಯ ಡಬ್ಬಿ ಹೋಗುವಷ್ಟರಲ್ಲಿ ಫೋರ್ಟಿನಲ್ಲಿ ಕೊನೆಯ ತರಗತಿ ಮುಗಿದಿರುತ್ತಿತ್ತು. ಸೀಟು ತೆಗೆದುಕೊಳ್ಳಲು ಕೊಟ್ಟ ಕೊನೆಯ ದಿನ ಚಂಪಾ ಅಡುಗೆ ಖೋಲಿಯಲ್ಲಿ ಮುಚ್ಚಳಕ್ಕೆ ಬಟ್ಟೆ ಸುತ್ತುತ್ತಿದ್ದಳು. ನಿಜವಾಗಿಯೇ ಮುಟ್ಟಾಗಿದ್ದಳು ಅವತ್ತು, ಸೊಂಟ ಹಿಡಿದುಕೊಂಡಿತ್ತು. ಎದುರಿಗೆ ರಾಜೀವಿ ತಪ್ಪಲೆಯ ಕಿವಿಗಳನ್ನು ಹಿಡಿದಿದ್ದಳು. ಆ ಭಾನುವಾರದ ಮೇಲೆ ಇಬ್ಬರೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು.

"ಅದು ಪಾಸಾಯ್ತಂತೆ?" ಎಂದಳು ರಾಜೀವಿ.

"ಹೌದು."

"ಹಾಗಾದ್ರೆ?"

"ಹಾಗಾದ್ರೆ ಎಂತ," ಎಂದಳು ಚಂಪಾ. "ನಿಧಾನ ಓರೆ ಮಾಡಿ. ನಾನು ಒತ್ತಿ ಹಿಡಿದಿದ್ದೇನೆ."